ಗೂಗಲ್‌ಗೆ ಬರೆದ ಪುಟ, ಗಿರಾಕಿಗೆ ಸಿಗದ ಉತ್ತರ

“ಬೆಂಗಳೂರಿನಲ್ಲಿ ಅತ್ಯುತ್ತಮ ಸಂಪ್ ಕ್ಲೀನಿಂಗ್ ಸರ್ವೀಸ್ ಹುಡುಕುತ್ತಿದ್ದೀರಾ? ಬೆಂಗಳೂರಿನ ನಂಬರ್ ಒನ್ ಸಂಪ್ ಕ್ಲೀನಿಂಗ್ ಸರ್ವೀಸ್ ಆದ ನಾವು ಬೆಂಗಳೂರಿನಲ್ಲಿ ಸಂಪ್ ಕ್ಲೀನಿಂಗ್ ಬೇಕಾದವರಿಗೆ ಕಡಿಮೆ ದರದಲ್ಲಿ ಅತ್ಯುತ್ತಮ ಸಂಪ್ ಕ್ಲೀನಿಂಗ್ ಸರ್ವೀಸ್ ನೀಡುತ್ತೇವೆ.”

ಮನೆಗೆ ಬಂದು ಕೆಲಸ ಮಾಡಿಕೊಡುವವರ ನಾಲ್ಕಾರು ವೆಬ್‌ಸೈಟ್ ತೆರೆದು ನೋಡಿ, ಈ ಧಾಟಿಯ ಪ್ಯಾರಾ ಕಣ್ಣಿಗೆ ಬೀಳದೆ ಇರದು. ಪ್ಲಂಬರ್, ಎಸಿ ರಿಪೇರಿಯವರು, ಜಿರಳೆಗೆ ಔಷಧಿ ಹೊಡೆಯುವವರು, ಮನೆ ಸಾಮಾನು ಸಾಗಿಸುವವರು, ಎಲ್ಲರದೂ ಒಂದೇ ರಾಗ. ಎದುರಿಗೆ ಕೂತ ಗಿರಾಕಿಯ ಹತ್ತಿರ ಇವರಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ಈ ಮಾತು ಗೂಗಲ್‌ನ ಕಿವಿಗೆ ಬೀಳಲಿ ಎಂದು ಹೇಳಿದ್ದು. ಓದುವವರು ಸುಮ್ಮನೆ ಮಧ್ಯೆ ಸಿಕ್ಕಿಕೊಂಡಿದ್ದಾರೆ.

ಹಾಗೆ ಸಿಕ್ಕಿಕೊಂಡವರ ಪಾಡು ನೋಡಿ. ನಾಗರಬಾವಿಯ ಒಂದು ಮನೆ. ಬೆಳಿಗ್ಗೆಯಿಂದ ನಲ್ಲಿ ನೀರು ವಾಸನೆ ಹೊಡೆಯುತ್ತಿದೆ. ಸಂಪಿನ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟರೆ ತಳದಲ್ಲಿ ಕೆಸರು ಕೂತಿದೆ. ನಾಳೆ ಕಾವೇರಿ ನೀರು ಬಿಡುವ ದಿನ; ಅಷ್ಟರೊಳಗೆ ತೊಳೆಸದಿದ್ದರೆ ಹೊಸ ನೀರೂ ಕೆಡುತ್ತದೆ. ಮನೆಯಾಕೆ ಫೋನ್ ಹಿಡಿದು ಹುಡುಕುತ್ತಾರೆ. ಇವತ್ತೇ ಬರುತ್ತಾರಾ? ಎಂಟು ಸಾವಿರ ಲೀಟರಿನ ಸಂಪಿಗೆ ಎಷ್ಟಾಗುತ್ತದೆ? ಒಳಗಿರುವ ನೀರನ್ನು ನಾವೇ ಖಾಲಿ ಮಾಡಿಡಬೇಕಾ? ಮೋಟರಿಗೆ ಕರೆಂಟು ನಮ್ಮದಾ, ಅವರದಾ? ತೊಳೆದ ಕೊಳಕು ನೀರನ್ನು ಎಲ್ಲಿಗೆ ಬಿಡುತ್ತಾರೆ? ಅವರಿಗೆ ಬೇಕಾದ್ದು ಇಷ್ಟೇ. ಪುಟದಲ್ಲಿ ‘ಸಂಪ್ ಕ್ಲೀನಿಂಗ್’ ಎಂಬುದು ಹೆಜ್ಜೆಹೆಜ್ಜೆಗೂ ಇದೆ, ಈ ಐದರಲ್ಲಿ ಒಂದಕ್ಕೂ ಉತ್ತರ ಇಲ್ಲ.

ಅತಿಯಾದ ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಮೇಲೆ ಬರಲು ಪುಟವನ್ನು ತಿದ್ದುವ ಕೆಲಸ) ಬಗ್ಗೆ ಮಾತೆತ್ತಿದರೆ ಎಲ್ಲರೂ ಗೂಗಲ್ ಕೊಡುವ ಶಿಕ್ಷೆಯ ಬಗ್ಗೆಯೇ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ನಷ್ಟ ಇನ್ನೊಂದಿದೆ. ಪುಟದಲ್ಲಿ ಇರುವ ಜಾಗ ಇಷ್ಟೇ, ಓದುವವರ ತಾಳ್ಮೆ ಅದಕ್ಕಿಂತ ಕಡಿಮೆ. ಆ ಜಾಗದಲ್ಲಿ ಕೀವರ್ಡ್ (ಜನ ಹುಡುಕುವ ಪದ) ಬಂದು ಕೂತರೆ ಎದ್ದು ಹೋಗುವುದು ರೇಟು, ಸಮಯ, ಬರುವ ಏರಿಯಾ, ಕೆಲಸ ಮಾಡುವ ಕ್ರಮ. ಗಿರಾಕಿಯನ್ನು ಫೋನ್ ಮಾಡಿಸುವ ಸಂಗತಿಗಳು ಇವೇ.

ಡೈರೆಕ್ಟರಿಯ ಕಾಲದಿಂದ

ಇದು ಇಂಟರ್‌ನೆಟ್‌ನೊಂದಿಗೆ ಹುಟ್ಟಿದ ಚಟವಲ್ಲ. ಅಮೆರಿಕದಲ್ಲಿ ಹಳದಿ ಪುಟಗಳ ಟೆಲಿಫೋನ್ ಡೈರೆಕ್ಟರಿ ಮನೆಮನೆಯಲ್ಲಿದ್ದ ಕಾಲಕ್ಕೆ ಪ್ಲಂಬರ್‌ಗಳು, ಬೀಗ ರಿಪೇರಿಯವರು ತಮ್ಮ ಅಂಗಡಿಗೆ ‘ಎಎಎ’, ‘ಎ-ಒನ್’ ಎಂದೆಲ್ಲ ಹೆಸರಿಡುತ್ತಿದ್ದರು. ಅಕಾರಾದಿಯಲ್ಲಿ ಮೊದಲು ಬಂದರೆ ಫೋನೂ ಮೊದಲು ಬರುತ್ತದೆ ಎಂಬ ಲೆಕ್ಕ. ಲೆಕ್ಕ ತಪ್ಪೇನಲ್ಲ. ಡೈರೆಕ್ಟರಿಗೆ ಬುದ್ಧಿ ಇರಲಿಲ್ಲ, ಅಕ್ಷರ ನೋಡಿ ಜೋಡಿಸುತ್ತಿತ್ತು.

ಮೊದಮೊದಲ ಸರ್ಚ್ ಎಂಜಿನ್‌ಗಳೂ ಹೆಚ್ಚುಕಮ್ಮಿ ಹಾಗೇ ಇದ್ದವು. ಪುಟದಲ್ಲಿ ಒಂದು ಪದ ಎಷ್ಟು ಸಲ ಬಂತು ಎಂಬುದರ ಮೇಲೆ ನಡೆಯುತ್ತಿದ್ದವು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ನೂರಾರು ಸಲ ತುಂಬಿಡುವ ಕಳ್ಳಾಟ ಆಗಿನದು. ಪುಟದ ತಲೆಯಲ್ಲಿ ಓದುಗರಿಗೆ ಕಾಣದಂತೆ ‘ಮೆಟಾ ಕೀವರ್ಡ್ಸ್’ ಎಂಬ ಪಟ್ಟಿ ಕೊಡುವ ರೂಢಿಯೂ ಆಗಿನದೇ. ರ‍್ಯಾಂಕಿಂಗ್‌ಗೆ ಆ ಪಟ್ಟಿಯನ್ನು ತಾನು ನೋಡುವುದೇ ಇಲ್ಲ ಎಂದು ಗೂಗಲ್ 2009ರ ಸೆಪ್ಟೆಂಬರ್‌ನಲ್ಲೇ ಬಹಿರಂಗವಾಗಿ ಹೇಳಿತು. ಹಾಗಿದ್ದೂ ನಮ್ಮಲ್ಲಿ ವೆಬ್‌ಸೈಟ್ ಮಾಡಿಕೊಡುವವರ ಕೊಟೇಶನ್‌ನಲ್ಲಿ ‘ಮೆಟಾ ಕೀವರ್ಡ್ಸ್ ಆಪ್ಟಿಮೈಸೇಶನ್’ ಎಂಬ ಸಾಲು ಇನ್ನೂ ಕಾಣುತ್ತದೆ, ಅದರ ಪಕ್ಕದಲ್ಲಿ ಒಂದು ಮೊತ್ತವೂ ಇರುತ್ತದೆ.

ದೊಡ್ಡವರೂ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ. 2006ರ ಫೆಬ್ರುವರಿಯಲ್ಲಿ ಬಿಎಂಡಬ್ಲ್ಯು ಕಾರು ಕಂಪನಿಯ ಜರ್ಮನ್ ವೆಬ್‌ಸೈಟನ್ನು ಗೂಗಲ್ ತನ್ನ ಪಟ್ಟಿಯಿಂದಲೇ ತೆಗೆದುಹಾಕಿತ್ತು. ಸರ್ಚ್ ಎಂಜಿನ್‌ಗೆ ಒಂದು ಪುಟ ತೋರಿಸಿ ಓದುಗರನ್ನು ಬೇರೆ ಪುಟಕ್ಕೆ ದಾಟಿಸುತ್ತಿದ್ದರು ಎಂಬುದು ಕಾರಣ. 2011ರಲ್ಲಿ ಜೆಸಿ ಪೆನ್ನಿ ಎಂಬ ಅಮೆರಿಕದ ದೊಡ್ಡ ಮಳಿಗೆಗೆ ಹುಡುಕಾಟದಲ್ಲಿ ಮೇಲೆ ಬರಲೆಂದು ಬೇರೆ ಸೈಟುಗಳಿಂದ ಲಿಂಕ್ ಹಾಕಿಸುತ್ತಿದ್ದ ವ್ಯವಹಾರವನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆ ತಂದಿತು. ಮರುವರ್ಷ ಮಾರ್ಚ್‌ನಲ್ಲಿ ಆಸ್ಟಿನ್ ನಗರದ ಒಂದು ಸಮ್ಮೇಳನದಲ್ಲಿ ಗೂಗಲ್‌ನ ಮ್ಯಾಟ್ ಕಟ್ಸ್ ‘ಅತಿಯಾಗಿ ಎಸ್‌ಇಒ ಮಾಡುವವರ’ ಮೇಲೆ ಕ್ರಮ ಬರಲಿದೆ ಎಂದು ಸುಳಿವು ಕೊಟ್ಟರು. 2012ರ ಏಪ್ರಿಲ್ 24ರಂದು ಅದು ಬಂತು, ಆಮೇಲೆ ‘ಪೆಂಗ್ವಿನ್’ ಎಂದು ಹೆಸರಾಯಿತು. ಇಂಗ್ಲಿಷ್ ಹುಡುಕಾಟಗಳಲ್ಲಿ ಸುಮಾರು ಶೇ 3.1ರಷ್ಟಕ್ಕೆ ಅದರ ಬಿಸಿ ತಟ್ಟುತ್ತದೆ ಎಂದು ಗೂಗಲ್ಲೇ ಹೇಳಿತ್ತು. ರಾತ್ರೋರಾತ್ರಿ ವ್ಯಾಪಾರ ಕುಸಿದವರು ಎಷ್ಟೋ ಜನ.

ಬಿಎಂಡಬ್ಲ್ಯು ಕೆಲವೇ ದಿನಗಳಲ್ಲಿ ಮರಳಿ ಪಟ್ಟಿಗೆ ಸೇರಿತು. ಹೆಸರು ಹಿಡಿದು ಹುಡುಕುವ ಜನ ಇರುವ ಕಂಪನಿಗೆ ಅಷ್ಟು ಬೇಗ ಬಾಗಿಲು ತೆರೆಯುತ್ತದೆ. ಕಾಮಾಕ್ಷಿಪಾಳ್ಯದ ಟ್ಯಾಂಕ್ ತೊಳೆಯುವವರ ಹೆಸರು ಹಿಡಿದು ಯಾರು ಹುಡುಕುತ್ತಾರೆ?

‘ಫಸ್ಟ್ ಪೇಜ್ ಗ್ಯಾರಂಟಿ ಅಣ್ಣ’

ಕಾಮಾಕ್ಷಿಪಾಳ್ಯದ ಕಡೆ ಸಂಪು, ಓವರ್‌ಹೆಡ್ ಟ್ಯಾಂಕ್ ತೊಳೆಯುವ ಕೆಲಸದ ಪರಿಚಯಸ್ಥರೊಬ್ಬರಿದ್ದಾರೆ. ಮಂಡ್ಯ ಕಡೆಯವರು. ಒಂದು ಟಾಟಾ ಏಸ್, ಕೆಸರು ಎಳೆಯುವ ಪಂಪು, ಪ್ರೆಷರ್ ಜೆಟ್, ವ್ಯಾಕ್ಯೂಮ್ ಮಿಷನ್, ಜೊತೆಗೆ ನಾಲ್ಕು ಹುಡುಗರು. ಗೂಗಲ್‌ನಲ್ಲಿ ಮೇಲೆ ತರುತ್ತೇನೆಂದು ಒಬ್ಬ ಹುಡುಗ ಅವರನ್ನು ಒಪ್ಪಿಸಿದ್ದು ಹೀಗೆ:

“ಫಸ್ಟ್ ಪೇಜ್ ಗ್ಯಾರಂಟಿ ಅಣ್ಣ. ಇಡೀ ಬೆಂಗ್ಳೂರು ಕವರ್ ಮಾಡೋಣ. ಏರಿಯಾಗೊಂದು ಪೇಜು.”

“ಯಲಹಂಕಕ್ಕೆಲ್ಲ ನಾವ್ ಹೋಗಲ್ವಲ್ಲೋ.”

“ಪೇಜ್ ಇರ್ಲಿ ಬಿಡಣ್ಣ. ಫೋನ್ ಬಂದಾಗ ನೋಡ್ಕೊಂಡ್ರಾಯ್ತು.”

ಗ್ಯಾರಂಟಿಯ ಮಾತಿನಿಂದಲೇ ಶುರು ಮಾಡೋಣ. ತನ್ನ ಫಲಿತಾಂಶದಲ್ಲಿ ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತನ್ನ ಸಲಹೆ ಪುಟದಲ್ಲಿ ಬರೆದೇ ಇಟ್ಟಿದೆ. ಅಂಥ ಗ್ಯಾರಂಟಿ ಕೊಡುವವರ ಬಗ್ಗೆ ಹುಷಾರಾಗಿರಿ ಎಂದೂ ಹೇಳುತ್ತದೆ. ಗ್ಯಾರಂಟಿ ಕೊಟ್ಟು ಮೇಲೆ ತಂದು ತೋರಿಸುವುದಕ್ಕೆ ಒಂದು ಸುಲಭದ ದಾರಿಯಂತೂ ಇದೆ. ಯಾರೂ ಹುಡುಕದ ಉದ್ದನೆಯ ವಾಕ್ಯವೊಂದನ್ನು ಆರಿಸಿ ಅದರಲ್ಲಿ ಮೊದಲು ಬರುವಂತೆ ಮಾಡಿ ಸ್ಕ್ರೀನ್‌ಶಾಟ್ ಕಳಿಸುವುದು.

ಏರಿಯಾಗೊಂದು ಪುಟದ ಕಥೆ ಇನ್ನೂ ಸ್ವಾರಸ್ಯದ್ದು. ವಿಜಯನಗರಕ್ಕೆ ಒಂದು ಪುಟ ಬರೆಯುವುದು, ಅದನ್ನೇ ನಕಲು ಹೊಡೆದು ವಿಜಯನಗರ ಇದ್ದಲ್ಲೆಲ್ಲ ರಾಜಾಜಿನಗರ ಹಾಕುವುದು, ಮತ್ತೆ ಯಲಹಂಕ, ಮತ್ತೆ ವೈಟ್‌ಫೀಲ್ಡ್, ಮತ್ತೆ ಎಲೆಕ್ಟ್ರಾನಿಕ್ ಸಿಟಿ. ಎಲ್ಲ ಪುಟದಲ್ಲೂ ಅದೇ ಫೋಟೊ, ಅದೇ ಫೋನ್ ನಂಬರು, ‘ನಿಮ್ಮ ಏರಿಯಾದ ನಂಬಿಕಸ್ಥ ತಂಡ’ ಎಂಬ ಅದೇ ಮಾತು. ನಕಲು ಮಾಡುವ ಭರದಲ್ಲಿ ವೈಟ್‌ಫೀಲ್ಡ್ ಪುಟದ ನಡುವೆ ‘ವಿಜಯನಗರ ಮೆಟ್ರೊ ಸ್ಟೇಷನ್ ಹತ್ತಿರ’ ಎಂಬ ಸಾಲು ಉಳಿದುಹೋಗುವುದೂ ಉಂಟು. ಇಷ್ಟು ಸಾಲದು ಎಂಬಂತೆ ಪ್ರತಿ ಪುಟದ ಬುಡದಲ್ಲಿ ನಗರದ ಬಡಾವಣೆಗಳ ಹೆಸರೆಲ್ಲ ಸಾಲಾಗಿ. ಖಾಸಗಿ ಬಸ್ಸಿನ ಕ್ಲೀನರ್ ಬಾಗಿಲಲ್ಲಿ ನೇತಾಡುತ್ತ ಊರುಗಳ ಹೆಸರು ಒದರಿದ ಹಾಗೆ. ಅದರಲ್ಲೂ ಊರಿನ ಹೆಸರು ಎರಡೆರಡು ಸಲ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾದ ಮೇಲೆ ಬ್ಯಾಂಗಲೋರ್ ಒಂದು ಸಲ, ಬೆಂಗಳೂರು ಇನ್ನೊಂದು ಸಲ, ಮೈಸೂರು-ಮಂಗಳೂರಿನವರದೂ ಇದೇ ಪಾಡು. ಎರಡೂ ಒಂದೇ ಊರು ಎಂಬುದು ಗೂಗಲ್‌ಗೆ ಗೊತ್ತಿದೆ, ಹೇಳಿಕೊಡಬೇಕಾಗಿಲ್ಲ.

ಗೂಗಲ್‌ನ ಸ್ಪ್ಯಾಮ್ ನಿಯಮಗಳಲ್ಲಿ ಕೀವರ್ಡ್ ತುರುಕುವುದಕ್ಕೆ ಕೊಟ್ಟಿರುವ ಉದಾಹರಣೆಗಳಲ್ಲಿ ಈ ಊರುಪಟ್ಟಿಯೂ ಒಂದು. ಒಂದೇ ಕಡೆಗೆ ತಂದು ಬಿಡುವುದಕ್ಕಾಗಿ ಊರೂರಿನ ಹೆಸರಲ್ಲಿ ಕಟ್ಟಿದ ಪುಟಗಳಿಗೆ ‘ಡೋರ್‌ವೇ’ ಪುಟ ಎಂಬ ಹೆಸರಿದೆ, ಅವೂ ನಿಷಿದ್ಧ. ಅದಕ್ಕಾಗಿಯೇ 2015ರಲ್ಲಿ ನಿಯಮವನ್ನು ಇನ್ನಷ್ಟು ಬಿಗಿ ಮಾಡಿದರು. ಎಐ ಬಂದು ಪುಟ ಬರೆಯುವುದು ಚಿಟಿಕೆ ಹೊಡೆದಷ್ಟು ಸುಲಭವಾದ ಮೇಲೆ, 2024ರ ಮಾರ್ಚ್‌ನಲ್ಲಿ ಇನ್ನೊಂದು ಸೇರಿತು: ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ರ‍್ಯಾಂಕಿಂಗ್ ಸಲುವಾಗಿ ರಾಶಿರಾಶಿ ತಯಾರಿಸಿದರೆ, ಬರೆದದ್ದು ಮನುಷ್ಯನಾದರೂ ಯಂತ್ರವಾದರೂ ಅದು ಸ್ಪ್ಯಾಮ್. ಎಐ ಬರೆದ ಸಂಪ್ ಕ್ಲೀನಿಂಗ್ ಪುಟಗಳ ಗುರುತು ಹಿಡಿಯುವುದು ಕಷ್ಟವಲ್ಲ. ಇಂದಿನ ಧಾವಂತದ ಬದುಕಿನಲ್ಲಿ ಶುದ್ಧ ನೀರಿನ ಮಹತ್ವದಿಂದ ಶುರುವಾಗಿ, ನೀರು ಜೀವಜಲ ಎಂಬಲ್ಲಿ ಹೊರಳಿ, ಫೋನ್ ನಂಬರಿನ ಹತ್ತಿರ ಬರುವಷ್ಟರಲ್ಲಿ ಓದುವವರ ಟ್ಯಾಂಕ್ ಖಾಲಿ. ಹೆಚ್ಚು ಪದ ಇದ್ದರೆ ಗೂಗಲ್‌ಗೆ ಇಷ್ಟ ಎಂಬ ನಂಬಿಕೆಯೇ ಇದರ ಮೂಲ. ಪದಸಂಖ್ಯೆಗೆ ಕನಿಷ್ಠ ಗರಿಷ್ಠ ಎಂಬುದಿಲ್ಲ ಎಂದು ಗೂಗಲ್ ತನ್ನ ಆರಂಭಿಕರ ಕೈಪಿಡಿಯಲ್ಲೇ ಹೇಳಿದೆ.

ಅಂದಹಾಗೆ, ಕಾಮಾಕ್ಷಿಪಾಳ್ಯದವರಿಗೆ ಯಲಹಂಕದಿಂದ ಫೋನುಗಳು ಬಂದವು. ಒಂದಕ್ಕೂ ಹೋಗಲಾಗಲಿಲ್ಲ. ‘ಬರ್ತೀವಿ ಅಂತ ಹಾಕಿದೀರಲ್ರೀ’ ಎಂದು ಬೈದವರಲ್ಲಿ ಇಬ್ಬರು ಒಂದೊಂದು ಸ್ಟಾರ್ ಕೊಟ್ಟು ಹೋದರು.

ನಕ್ಷೆಯ ಮೂರು ಹೆಸರು

ಎಷ್ಟೋ ಜನರಿಗೆ ತಿಳಿಯದ ಸಂಗತಿ ಇಲ್ಲಿದೆ. ‘ಹತ್ತಿರದ ಪ್ಲಂಬರ್’ ಎಂದು ಹುಡುಕಿದವರಿಗೆ ಮೊದಲು ಕಾಣುವುದು ವೆಬ್‌ಸೈಟುಗಳ ಪಟ್ಟಿಯೇ ಅಲ್ಲ. ಜಾಹೀರಾತು ಬಿಟ್ಟರೆ ಕಣ್ಣಿಗೆ ಬೀಳುವುದು ನಕ್ಷೆ, ಅದರ ಕೆಳಗೆ ಮೂರು ಹೆಸರು. 2015ರ ಆಗಸ್ಟ್‌ವರೆಗೆ ಏಳು ಹೆಸರು ತೋರಿಸುತ್ತಿದ್ದರು, ಆಮೇಲೆ ಮೂರಕ್ಕೆ ಇಳಿಸಿದರು. ನೆರೆಹೊರೆಯ ವ್ಯಾಪಾರಕ್ಕೆ ನಿಜವಾದ ಪೈಪೋಟಿ ಆ ಮೂರು ಹೆಸರಿಗೆ.

ಆ ಜಾಗ ಯಾರಿಗೆ ಎಂಬುದನ್ನು ಗೂಗಲ್ ಮುಖ್ಯವಾಗಿ ಮೂರು ವಿಷಯದ ಮೇಲೆ ತೀರ್ಮಾನಿಸುತ್ತದೆ. ಹುಡುಕಿದ್ದಕ್ಕೂ ನಿಮ್ಮ ಕೆಲಸಕ್ಕೂ ಹೊಂದುತ್ತದೆಯೇ? ಹುಡುಕುವವರಿಂದ ನೀವು ಎಷ್ಟು ದೂರ? ನೀವು ಎಷ್ಟು ಹೆಸರುವಾಸಿ? ಮೊದಲನೆಯದನ್ನು ಗೂಗಲ್ ನಕ್ಷೆಯಲ್ಲಿ ನಿಮ್ಮ ವ್ಯಾಪಾರದ ವಿವರ ಕೊಡುವ ಪ್ರೊಫೈಲಿನಲ್ಲಿ ಸರಿಯಾದ ಕೆಟಗರಿ ಆರಿಸಿ, ಮಾಡುವ ಕೆಲಸಗಳನ್ನು ಬಿಡಿಸಿ ಬರೆದು ಸರಿಪಡಿಸಬಹುದು. ಮೂರನೆಯದು ನಿಧಾನಕ್ಕೆ ಬರುವಂಥದ್ದು: ರಿವ್ಯೂಗಳು, ಬೇರೆ ಕಡೆ ನಿಮ್ಮ ಪ್ರಸ್ತಾಪ, ಜಸ್ಟ್‌ಡಯಲ್‌ನಂಥ ಪಟ್ಟಿಗಳಲ್ಲೂ ವೆಬ್‌ಸೈಟಿನಲ್ಲೂ ಒಂದೇ ಹೆಸರು, ಒಂದೇ ವಿಳಾಸ, ಒಂದೇ ನಂಬರು. ನಡುವಿನ ದೂರವನ್ನು ಮಾತ್ರ ಯಾವ ಎಸ್‌ಇಒದವರೂ ಕಡಿಮೆ ಮಾಡಲಾರರು. ಕಾಮಾಕ್ಷಿಪಾಳ್ಯ ಯಲಹಂಕದ ಪಕ್ಕಕ್ಕೆ ಹೋಗುವುದಿಲ್ಲ.

ಹೋಗದಿದ್ದರೇನು, ಹೋದಂತೆ ತೋರಿಸೋಣ ಎಂದು ಹೊರಟವರು ನಕ್ಷೆಯನ್ನೇ ಹೊಲಸು ಮಾಡಿದ್ದಾರೆ. ಎರಡು ದಾರಿ. ಒಂದು, ಇಲ್ಲದ ಕಡೆ ಕಚೇರಿ ಇದೆ ಎಂದು ತೋರಿಸುವುದು. ಗೆಳೆಯನ ಮನೆ, ಬಾಡಿಗೆ ಮೇಜು, ಮುಚ್ಚಿದ ಅಂಗಡಿ, ಎಲ್ಲಕ್ಕೂ ಒಂದೊಂದು ಪ್ರೊಫೈಲು. ಅಮೆರಿಕದಲ್ಲಿ ಬೀಗ ರಿಪೇರಿಯವರ ಹೆಸರಿನಲ್ಲಿ ಈ ದಂಧೆ ಎಷ್ಟು ಬೆಳೆಯಿತೆಂದರೆ 2025ರ ಮಾರ್ಚ್‌ನಲ್ಲಿ ಗೂಗಲ್ ನ್ಯಾಯಾಲಯದ ಮೆಟ್ಟಿಲೇರಿತು. ತನಿಖೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ನಕಲಿ ಪ್ರೊಫೈಲುಗಳನ್ನು ಪತ್ತೆ ಮಾಡಿ ತೆಗೆದಿದ್ದಾಗಿ ಅದು ಹೇಳಿತ್ತು. ಕೀ ಒಳಗೇ ಉಳಿದು ಬಾಗಿಲ ಹೊರಗೆ ನಿಂತವರು ವಿಚಾರಿಸುತ್ತ ಕೂರುವುದಿಲ್ಲ. ನಮ್ಮಲ್ಲಿ ಸಾಮಾನು ಸಾಗಿಸುವವರ ವಿಷಯದಲ್ಲಿ ಆಗುವುದೂ ಇದೇ. ನಾಳೆ ಮನೆ ಖಾಲಿ ಮಾಡಬೇಕಾದವರು ಸಿಕ್ಕ ನಂಬರಿಗೆ ಫೋನ್ ಮಾಡುತ್ತಾರೆ, ಸಾಮಾನು ಲಾರಿ ಹತ್ತಿದ ಮೇಲೆ ರೇಟು ಏರುತ್ತದೆ.

ಇನ್ನೊಂದು ದಾರಿ ಹೆಸರಿನದು. ಬೋರ್ಡಿನ ಮೇಲೆ ‘ಮಂಜುನಾಥ ಎಂಟರ್‌ಪ್ರೈಸಸ್’ ಮಾದರಿಯ ಹೆಸರು, ನಕ್ಷೆಯಲ್ಲಿ ಮಾತ್ರ ‘ಬೆಸ್ಟ್ ಸಂಪ್ ಕ್ಲೀನಿಂಗ್ ಟ್ಯಾಂಕ್ ಕ್ಲೀನಿಂಗ್ ಸರ್ವೀಸಸ್ ಇನ್ ಬೆಂಗಳೂರು’. ಇದು ಬಹುಕಾಲ ನಡೆಯಿತು, ಈಗಲೂ ಅಲ್ಲಲ್ಲಿ ನಡೆಯುತ್ತದೆ. ಸುಳ್ಳು ಹೇಳಿ ಪ್ರಯೋಜನವಿಲ್ಲ. ‘ಅವ್ರು ಹಾಕ್ಕೊಂಡಿದಾರಲ್ಲ ಸಾರ್, ಅವ್ರು ಮೇಲೇ ಬರ್ತಿದಾರೆ’ ಎಂಬ ಮಾತಿನಲ್ಲಿ ಸತ್ಯವಿದೆ. ಆದರೆ ನಿಯಮ ಸ್ಪಷ್ಟ: ಪ್ರೊಫೈಲಿನ ಹೆಸರು ಬೋರ್ಡು, ಬಿಲ್ಲು, ಲೆಟರ್‌ಹೆಡ್‌ನಲ್ಲಿರುವ ಹೆಸರೇ ಆಗಿರಬೇಕು. ಪಕ್ಕದ ಅಂಗಡಿಯವನು ‘ಎಡಿಟ್ ಸೂಚಿಸಿ’ ಎಂಬುದನ್ನು ಒತ್ತಿದರೆ ಸಾಕು, ಪರಿಶೀಲನೆ ಶುರುವಾಗಬಹುದು. ಪ್ರೊಫೈಲು ಅಮಾನತಾದರೆ ವರ್ಷಗಟ್ಟಲೆ ಕೂಡಿಬಂದ ರಿವ್ಯೂಗಳೂ ಅದರೊಂದಿಗೆ ಮರೆಯಾಗುತ್ತವೆ. 2021ರ ಕೊನೆಯಲ್ಲಿ ನಕ್ಷೆಯ ಲೆಕ್ಕಾಚಾರ ಬದಲಾದಾಗ, ಹೆಸರಿನಲ್ಲಿ ಕೀವರ್ಡ್ ತುಂಬಿ ದೂರದೂರದ ಏರಿಯಾಗಳಲ್ಲಿ ಮೆರೆಯುತ್ತಿದ್ದ ಎಷ್ಟೋ ಪ್ರೊಫೈಲುಗಳು ಕೆಳಗಿಳಿದವು, ದೂರದ ತೂಕ ಹೆಚ್ಚಿತು. ಈ ಕ್ಷೇತ್ರದವರು ಅದನ್ನು ‘ವಿಸಿನಿಟಿ’ ಅಪ್‌ಡೇಟ್ ಎನ್ನುತ್ತಾರೆ.

ಅಂಗಡಿ ಇಲ್ಲದೆ ಮನೆಮನೆಗೆ ಹೋಗಿ ಕೆಲಸ ಮಾಡುವವರಿಗೆ ವಿಳಾಸ ಮುಚ್ಚಿಟ್ಟು ಸೇವೆ ಕೊಡುವ ಪ್ರದೇಶಗಳನ್ನು ಮಾತ್ರ ತೋರಿಸಲು ಅವಕಾಶ ಇದೆ, 20 ಪ್ರದೇಶಗಳವರೆಗೆ. ಇರುವ ಜಾಗದಿಂದ ಸುಮಾರು ಎರಡು ಗಂಟೆ ಗಾಡಿ ಓಡಿಸುವ ದೂರ ದಾಟಬಾರದು ಎಂಬುದು ಗೂಗಲ್‌ನ ಸಲಹೆ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತು ಈ ನಿಯಮ ಓದಿದವರಿಗೆ ನಗು ಬರಬೇಕು.

ರಿವ್ಯೂಗಳ ಭಾಷೆ

ಕೀವರ್ಡ್ ಚಟ ಈಗ ರಿವ್ಯೂಗೂ ಹಬ್ಬಿದೆ. ‘ನಾಗರಬಾವಿಯ ಬೆಸ್ಟ್ ಸಂಪ್ ಕ್ಲೀನಿಂಗ್ ಸರ್ವೀಸ್, ಸಂಪ್ ಕ್ಲೀನಿಂಗ್ ಬೇಕಾದವರಿಗೆ ಹೈಲಿ ರೆಕಮೆಂಡೆಡ್’ ಎಂದು ಸಂಪು ತೊಳೆಸಿದ ಯಾವ ಮನುಷ್ಯ ಬರೆಯುತ್ತಾನೆ? ಗಿರಾಕಿ ಬರೆಯುವುದು ಹೀಗೆ: ‘ಹೇಳಿದ ಟೈಮಿಗೆ ಬಂದ್ರು. ತಳದ ಮಣ್ಣೆಲ್ಲ ತೆಗೆದ್ರು. ಗೇಟ್ ಮುಂದೆ ನೀರು ಹಾಗೇ ಬಿಟ್ಟು ಹೋದ್ರು, ಅದೊಂದು ನೋಡ್ಕೋಬೇಕು.’ ನನ್ನನ್ನು ಕೇಳಿದರೆ ಈ ನಾಲ್ಕು ಸ್ಟಾರ್ ರಿವ್ಯೂ ಆ ಐದು ಸ್ಟಾರ್‌ನ ಹತ್ತಕ್ಕೆ ಸಮ. ಗೇಟಿನ ಮುಂದಿನ ನೀರಿನ ದೂರು ಇರುವುದರಿಂದಲೇ ತಳದ ಮಣ್ಣಿನ ಮಾತು ನಂಬುವಂತಾಗುತ್ತದೆ. ಅದರ ಕೆಳಗೆ ಮಾಲೀಕರು ‘ಸಾರಿ ಮೇಡಂ, ಈಗ ಉದ್ದದ ಪೈಪ್ ತಗೊಂಡಿದೀವಿ’ ಎಂದು ಉತ್ತರಿಸಿದರೆ ಮುಂದಿನ ಗಿರಾಕಿ ಅದನ್ನೂ ಓದುತ್ತಾರೆ.

ಡಿಸ್ಕೌಂಟ್ ಕೊಟ್ಟು ರಿವ್ಯೂ ಬರೆಸುವುದು, ಖುಷಿಯಾದವರಿಗಷ್ಟೇ ಲಿಂಕ್ ಕಳಿಸುವುದು ಎರಡನ್ನೂ ಗೂಗಲ್ ಒಪ್ಪುವುದಿಲ್ಲ. ನಮ್ಮ ದೇಶದಲ್ಲೂ ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದೇ ಐಎಸ್ 19000 ಎಂಬ ಮಾನದಂಡ ತಂದಿತು. ಕಾಸು ಕೊಟ್ಟು ಬರೆಸಿದ ರಿವ್ಯೂಗಳ ಹಾವಳಿಯೇ ಅದಕ್ಕೆ ಹಿನ್ನೆಲೆ.

ಪುಟದಲ್ಲಿ ಏನಿರಬೇಕು

ಕಾಮಾಕ್ಷಿಪಾಳ್ಯದವರ ಫೋನ್ ಪಕ್ಕದಲ್ಲಿ ಒಂದು ಅರ್ಧ ಹರಿದ ನೋಟ್‌ಬುಕ್ ಇರುತ್ತದೆ. ಫೋನ್ ಬಂದಾಗಲೆಲ್ಲ ವಿಳಾಸ, ಲೀಟರು, ದಿನ ಗೀಚಿಕೊಳ್ಳುತ್ತಾರೆ. ಅದನ್ನು ತಿರುವಿ ಹಾಕಿದರೆ ಯಾವ ಕೀವರ್ಡ್ ಟೂಲೂ ಕೊಡದ ಮಾಹಿತಿ ಅಲ್ಲಿದೆ. ‘ಎರಡು ಮುಚ್ಚಳ ಇದೆ’, ‘ಕಾರ್ ಪಾರ್ಕಿಂಗ್ ಕೆಳಗೆ’, ‘ಗುರುವಾರ ಕಾವೇರಿ, ಬುಧವಾರ ಸಂಜೆ’, ‘ಬೋರ್ ನೀರು, ಬಿಳಿ ಪದರ ಕಟ್ಟಿದೆ’, ‘ಅಪಾರ್ಟ್‌ಮೆಂಟ್, ಬಿಲ್ ಬೇಕು’. ಒಂದೊಂದು ಗೀಚೂ ಒಬ್ಬ ಗಿರಾಕಿಯ ಪ್ರಶ್ನೆ. ಆ ಪ್ರಶ್ನೆಗಳಿಗೆ ಅವರು ಫೋನಿನಲ್ಲಿ ಕೊಡುವ ಉತ್ತರವನ್ನೇ ಬರೆದರೆ ಪುಟ ಅರ್ಧ ಮುಗಿಯಿತು:

‘ಸಂಪಿನಲ್ಲಿ ಅರ್ಧ ಅಡಿಗಿಂತ ಹೆಚ್ಚು ನೀರಿಲ್ಲದಂತೆ ನೋಡಿಕೊಳ್ಳಿ, ಹೆಚ್ಚಿದ್ದರೆ ನಾವು ಪಂಪ್ ಮಾಡುತ್ತೇವೆ, ಅದಕ್ಕೆ ಬೇರೆ ಚಾರ್ಜು. ಮೊದಲು ಕೆಸರು ಎಳೆಯುತ್ತೇವೆ, ಆಮೇಲೆ ಗೋಡೆ ಉಜ್ಜಿ ಪ್ರೆಷರ್ ಜೆಟ್‌ನಲ್ಲಿ ತೊಳೆಯುತ್ತೇವೆ, ಉಳಿದ ನೀರನ್ನು ವ್ಯಾಕ್ಯೂಮ್‌ನಿಂದ ತೆಗೆಯುತ್ತೇವೆ. ಕರೆಂಟು ನಿಮ್ಮದು, ಹದಿನೈದು ಆಂಪ್ಸ್ ಪ್ಲಗ್ ಬೇಕು. ವಿಜಯನಗರ, ನಾಗರಬಾವಿ, ಬಸವೇಶ್ವರನಗರ, ರಾಜಾಜಿನಗರಕ್ಕೆ ಬರುತ್ತೇವೆ. ಅದರಾಚೆಗೆ ಫೋನ್ ಮಾಡಿ ಕೇಳಿ.’

ಇಲ್ಲಿ ‘ಅತ್ಯುತ್ತಮ’ ಇಲ್ಲ, ‘ನಂಬರ್ ಒನ್’ ಇಲ್ಲ. ಆದರೆ ಸಂಪು, ಕೆಸರು, ತೊಳೆಯುವುದು, ಪ್ರೆಷರ್ ಜೆಟ್, ನಾಗರಬಾವಿ ಎಲ್ಲ ಅದರದರ ಜಾಗದಲ್ಲಿ ಬಂದಿವೆ. ಒಂದೇ ಪದವನ್ನು ಮತ್ತೆ ಮತ್ತೆ ಹೇಳದೆಯೂ ವಿಷಯ ಗೊತ್ತಾಗುವಷ್ಟು ಭಾಷೆಯನ್ನು ಯಂತ್ರ ಈಗ ಹಿಡಿಯುತ್ತದೆ. ‘ಟ್ಯಾಂಕ್ ತೊಳೆಯೋರು’, ‘ಸಂಪ್ ಕ್ಲೀನಿಂಗ್’ ಎರಡಕ್ಕೂ ಒಂದೇ ಪುಟ ಸಾಕು.

ಇದೇ ವ್ಯವಹಾರದಲ್ಲಿ ಪುಟ ಹೇಳಲೇಬೇಕಾದ ಇನ್ನೊಂದು ಮಾತಿದೆ, ಕೀವರ್ಡ್ ಪಟ್ಟಿಯಲ್ಲಿ ಅದು ಬರುವುದಿಲ್ಲ. ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿ ಕಡಿಮೆ ಇರಬಹುದು. ಇಳಿಯುವ ಮುಂಚೆ ಮುಚ್ಚಳ ಎಷ್ಟು ಹೊತ್ತು ತೆರೆದಿಡುತ್ತಾರೆ, ಮೇಲೆ ಇನ್ನೊಬ್ಬರು ನಿಂತಿರುತ್ತಾರಾ, ಹಗ್ಗ-ಬೆಲ್ಟು ಇದೆಯಾ ಎಂಬುದು ಗಿರಾಕಿಗೂ ಗೊತ್ತಾಗಬೇಕು. ಸೆಪ್ಟಿಕ್ ಟ್ಯಾಂಕಿನ ವಿಷಯವಂತೂ ಕಾನೂನಿನದೇ. ರಕ್ಷಣಾ ಸಲಕರಣೆಗಳಿಲ್ಲದೆ ಮನುಷ್ಯರನ್ನು ಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸಿ ಅಪಾಯಕಾರಿ ಸ್ವಚ್ಛತೆ ಮಾಡಿಸುವುದು ಕೈಯಿಂದ ಮಲ ಬಾಚುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಡಿ ಅಪರಾಧ. ಯಾರೋ ಹುಡುಕುತ್ತಾರೆಂಬ ಒಂದೇ ಕಾರಣಕ್ಕೆ ‘ಮ್ಯಾನ್ಯುವಲ್ ಸೆಪ್ಟಿಕ್ ಟ್ಯಾಂಕ್ ಕ್ಲೀನಿಂಗ್’ ಎಂದು ತನ್ನ ಪುಟದಲ್ಲಿ ಸೇರಿಸಿಕೊಂಡವನು ತಾನು ಮಾಡದ ಅಪರಾಧಕ್ಕೆ ತಾನೇ ಜಾಹೀರಾತು ಕೊಟ್ಟಂತೆ.

ಉಳಿದ ತಾಂತ್ರಿಕ ಸಂಗತಿಗಳು ಹೆಚ್ಚಿಲ್ಲ. ಪುಟದ ಶೀರ್ಷಿಕೆಯಲ್ಲಿ ಮಾಡುವ ಕೆಲಸ, ಏರಿಯಾ, ವ್ಯಾಪಾರದ ಹೆಸರು ಒಂದೊಂದು ಸಲ ಇದ್ದರೆ ಆಯಿತು. ಉದ್ದಕ್ಕೆ ತುರುಕಿದ ಶೀರ್ಷಿಕೆಯನ್ನು ಗೂಗಲ್ ತಾನೇ ಬದಲಿಸಿ ತೋರಿಸುತ್ತದೆ, 2021ರ ಆಗಸ್ಟ್‌ನಿಂದ ಇದು ಇನ್ನೂ ಹೆಚ್ಚಾಗಿದೆ. ಫೋನ್ ನಂಬರನ್ನು ಚಿತ್ರದೊಳಗೆ ಹಾಕಬೇಡಿ, ಒತ್ತಿದರೆ ಕರೆ ಹೋಗಬೇಕು. ಫೋಟೊ ನಿಮ್ಮದೇ ಇರಲಿ: ನಿಮ್ಮ ಗಾಡಿ, ನಿಮ್ಮ ಹುಡುಗರು, ತೊಳೆಯುವ ಮುಂಚೆ ಮತ್ತು ತೊಳೆದ ಮೇಲಿನ ಸಂಪು. ಹಳದಿ ಹೆಲ್ಮೆಟ್ ಹಾಕಿ ನಗುತ್ತಿರುವ ವಿದೇಶಿ ಪ್ಲಂಬರ್‌ನ ಚಿತ್ರವನ್ನು ಬೆಂಗಳೂರಿನಲ್ಲಿ ನಂಬುವವರಿಲ್ಲ. ಗೂಗಲ್ ಪ್ರೊಫೈಲಿನ ಜೊತೆಗೆ ಬಿಟ್ಟಿ ಸಿಗುತ್ತಿದ್ದ ವೆಬ್‌ಸೈಟುಗಳನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಿಬಿಟ್ಟರು. ಅದನ್ನೇ ನೆಚ್ಚಿಕೊಂಡಿದ್ದವರು ಸ್ವಂತದ್ದೊಂದು ಚಿಕ್ಕ ಪುಟ ಮಾಡಿಸಿಕೊಳ್ಳುವುದು ಒಳ್ಳೆಯದು, ಒಂದೇ ಪುಟವಾದರೂ ಪರವಾಗಿಲ್ಲ. ದಾವಣಗೆರೆ, ಹಾಸನ, ಶಿವಮೊಗ್ಗದ ಕಡೆಯವರು ಆ ಪುಟವನ್ನು ಕನ್ನಡದಲ್ಲೂ ಬರೆದಿಡಲಿ, ಫೋನಿಗೆ ಬಾಯಲ್ಲಿ ಹೇಳಿ ಹುಡುಕುವ ಜನ ಅಲ್ಲಿ ಇದ್ದಾರೆ.

ಈಗಾಗಲೇ ತುರುಕಿಯಾಗಿದ್ದರೆ? ಏರಿಯಾ ಪುಟಗಳಿಂದ ಶುರು ಮಾಡಬಹುದು. ನಿಜವಾಗಿ ಕೆಲಸ ಮಾಡಿದ ಏರಿಯಾಗಳ ಪುಟ ಮಾತ್ರ ಉಳಿಸಿ, ಅದಕ್ಕೆ ಅಲ್ಲಿಯದೇ ಸಂಗತಿ ಸೇರಿಸಿ. ಯಾವ ಬಡಾವಣೆಯಲ್ಲಿ ಹಳೆ ಕಲ್ಲಿನ ಸಂಪುಗಳಿವೆ, ಎಲ್ಲಿ ಬೋರ್ ನೀರೇ ಗತಿ, ಎಲ್ಲಿ ಗಾಡಿ ಒಳಗೆ ಬರುವುದಿಲ್ಲ. ಮಿಕ್ಕವುಗಳನ್ನು ಅಳಿಸಿ, ಆ ವಿಳಾಸಗಳನ್ನು ಮುಖ್ಯ ಪುಟಕ್ಕೆ ಶಾಶ್ವತವಾಗಿ ತಿರುಗಿಸಿ. ‘ಸಾವಿರ ಬ್ಯಾಕ್‌ಲಿಂಕ್’ ಪ್ಯಾಕೇಜ್ ಕೊಂಡಿದ್ದರೆ ಮುಂದೆ ಕೊಳ್ಳಬೇಡಿ. 2016ರ ನಂತರ ಪೆಂಗ್ವಿನ್ ಅಂಥ ಲಿಂಕುಗಳನ್ನು ಬಹುಮಟ್ಟಿಗೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅಂದರೆ ಆ ದುಡ್ಡು ಆಗಲೇ ಹೋಯಿತು. ಗೂಗಲ್ ಕೈಯಾರೆ ಕ್ರಮ ತೆಗೆದುಕೊಂಡಿದ್ದರೆ ಸೈಟ್ ಮಾಲೀಕರಿಗೆ ಅದು ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಅದರ ಸೂಚನೆ ಇರುತ್ತದೆ. ಸರಿಪಡಿಸಿ ಮರುಪರಿಶೀಲನೆ ಕೇಳಬಹುದು. ಸೂಚನೆ ಇಲ್ಲದೆ ಕುಸಿದಿದ್ದರೆ ಕಾಯಬೇಕು, ತಿಂಗಳುಗಳೇ ಹಿಡಿಯಬಹುದು. ಈ ನಡುವೆ ‘ತಕ್ಷಣ ಮೇಲೆ ತರ್ತೀನಿ’ ಎಂದು ಇನ್ನೊಬ್ಬ ಬಂದೇ ಬರುತ್ತಾನೆ.

ನಕ್ಷೆಯ ಪ್ರೊಫೈಲಿನಲ್ಲಿ ಹೆಸರು ಸರಿಪಡಿಸುವಾಗ ಮಾತ್ರ ಒಂದು ಮುಂಜಾಗ್ರತೆ ಬೇಕು. ಹೆಸರು ಬದಲಿಸಿದರೆ ಗೂಗಲ್ ಮತ್ತೆ ಪರಿಶೀಲನೆ ಕೇಳಬಹುದು, ಹೆಚ್ಚಾಗಿ ವಿಡಿಯೊ ಮೂಲಕ. ಬೋರ್ಡು, ಗಾಡಿಯ ಮೇಲಿನ ಹೆಸರು, ಪಂಪು-ಜೆಟ್ಟಿನಂಥ ಸಲಕರಣೆ, ಜಿಎಸ್‌ಟಿ ಅಥವಾ ಉದ್ಯಮ್ ನೋಂದಣಿ ಪತ್ರ ಎಲ್ಲದರಲ್ಲೂ ಒಂದೇ ಹೆಸರು ಇರುವಂತೆ ಮೊದಲೇ ನೋಡಿಕೊಂಡು ಆಮೇಲೆ ಕೈ ಹಾಕಿ. ಮಳೆಗಾಲ ಶುರುವಾದ ಮೇಲೆ ಸಂಪಿಗೆ ಕೊಳೆನೀರು ಸೇರಿ ಫೋನುಗಳು ಜಾಸ್ತಿ ಬರುತ್ತವೆ, ಆ ತಿಂಗಳಲ್ಲಂತೂ ಬೇಡ.